ವಿಜಯಪುರದ ಬಿಸಿಲಲ್ಲಿ ಓವರ್‌ಕ್ಲಾಕ್: ಡಿಸೆಂಬರ್ ಲೆಕ್ಕ ಬೇರೆ, ಮೇ ತಿಂಗಳ ಲೆಕ್ಕ ಬೇರೆ

ಓವರ್‌ಕ್ಲಾಕ್ ಮಾಡುವುದನ್ನು, ಅಂದರೆ ಕಂಪ್ಯೂಟರಿನ ಪ್ರೊಸೆಸರ್ ಚಿಪ್ ಅನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದನ್ನು, ತೋರಿಸುವ ವಿಡಿಯೊಗಳಲ್ಲಿ ಬಹಳಷ್ಟು ಎಸಿ ರೂಮಿನಲ್ಲೋ ಚಳಿ ದೇಶದಲ್ಲೋ ತೆಗೆದವು. ಅಲ್ಲಿ ರೂಮಿನ ಬಿಸಿ 20–22 ಡಿಗ್ರಿ. ನಮ್ಮ ವಿಜಯಪುರದಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗೆ 40 ದಾಟುವುದು ಮಾಮೂಲು. ಆರ್‌ಸಿಸಿ ಛತ್ತಿನ ಕೆಳಗಿನ ರೂಮು ಹಗಲೆಲ್ಲ ಕಾದು ಸಂಜೆಯಾದರೂ 37–38ರಲ್ಲೇ ಕೂತಿರುತ್ತದೆ. ಪತ್ರಾಸ್ ಹಾಕಿದ ಅಂಗಡಿಯಾದರೆ ಕೇಳುವುದೇ ಬೇಡ. ಅವರ ಸೆಟ್ಟಿಂಗ್ ಎತ್ತಿ ನಮ್ಮ ಮಷೀನಿಗೆ ಹಾಕಿದರೆ ಏನಾಗುತ್ತದೆ, ಯಾಕಾಗುತ್ತದೆ, ಅದರ ಬದಲು ಇಲ್ಲಿ ಏನು ಮಾಡಬಹುದು ಅನ್ನುವುದನ್ನು ಬಿಡಿಸಿ ನೋಡೋಣ.

ಪ್ರೊಸೆಸರ್‌ನ ವೇಗ ಅನ್ನುವುದು ಎರಡು ಅಂಕಿಗಳ ಗುಣಾಕಾರ. ಬೇಸ್ ಕ್ಲಾಕ್ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಮಲ್ಟಿಪ್ಲೈಯರ್ 45 ಇದ್ದರೆ ವೇಗ 4500 ಮೆಗಾಹರ್ಟ್ಸ್, ಅಂದರೆ 4.5 ಗಿಗಾಹರ್ಟ್ಸ್. ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಆ 45ನ್ನು 50 ಮಾಡಿದರೆ 5 ಗಿಗಾಹರ್ಟ್ಸ್. ಓವರ್‌ಕ್ಲಾಕ್ ಅಂದರೆ ಇಷ್ಟೇ. ಅಂಕಿ ಬದಲಿಸಲು ಅರ್ಧ ನಿಮಿಷ ಸಾಕು. ಬದಲಿಸಿದ ಮೇಲೆ ಚಿಪ್ ತಪ್ಪಿಲ್ಲದೆ ನಡೆಯುವಂತೆ ಮಾಡುವುದೇ ನಿಜವಾದ ಕೆಲಸ.

5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಬಡಿತ. ಒಂದು ಬಡಿತಕ್ಕೆ ಸಿಗುವುದು 0.2 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಸಾಗುವುದು 6 ಸೆಂಟಿಮೀಟರ್ ಮಾತ್ರ. ಆ ಸಮಯದೊಳಗೆ ಸಂಕೇತ ಟ್ರಾನ್ಸಿಸ್ಟರ್‌ಗಳ ಸಾಲು ದಾಟಿ ಮುಂದಿನ ಹಂತಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ 1 ಇರಬೇಕಾದ ಕಡೆ 0 ಆಗಿ ಕೂರುತ್ತದೆ. ಮಷೀನು ಹ್ಯಾಂಗ್ ಆಗುವುದು, ನೀಲಿ ಸ್ಕ್ರೀನ್ ಬರುವುದು ಅದರಿಂದ. ಟ್ರಾನ್ಸಿಸ್ಟರ್ ಇನ್ನೂ ಬೇಗ ಬದಲಾಗಬೇಕೆಂದರೆ ವೋಲ್ಟೇಜ್ ಜಾಸ್ತಿ ಕೊಡಬೇಕು. ಖರ್ಚು ಶುರುವಾಗುವುದು ಇಲ್ಲಿಂದ.

ಚಿಪ್ ತಿನ್ನುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ. ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದು ಉದಾಹರಣೆ ಹಾಕಿಕೊಳ್ಳೋಣ. 4.5 ಗಿಗಾಹರ್ಟ್ಸ್‌ನಲ್ಲಿ, 1.10 ವೋಲ್ಟ್‌ಗೆ, 120 ವ್ಯಾಟ್ ತಿನ್ನುವ ಚಿಪ್ ಇದೆ. ಅದನ್ನು 5 ಗಿಗಾಹರ್ಟ್ಸ್‌ಗೆ ಏರಿಸಿದಿರಿ, ಅಲ್ಲಿ ನಿಲ್ಲಲು 1.30 ವೋಲ್ಟ್ ಬೇಕಾಯಿತು. ವೇಗ ಏರಿದ್ದು ಶೇ 11. ವೋಲ್ಟೇಜ್ ಏರಿದ್ದು ಶೇ 18, ವರ್ಗ ಮಾಡಿದರೆ ಅದೇ ಶೇ 40. ಎರಡೂ ಸೇರಿ ಚಿಪ್ ಈಗ 186 ವ್ಯಾಟ್ ತಿನ್ನುತ್ತದೆ. ಶೇ 11 ವೇಗಕ್ಕೆ ಶೇ 55 ಜಾಸ್ತಿ ವಿದ್ಯುತ್ತು! ಅಷ್ಟೂ ಬಿಸಿಯಾಗಿಯೇ ಹೊರಗೆ ಬರಬೇಕು. ಒಂದು ಗಂಟೆಯ ರೆಂಡರ್‌ನಲ್ಲಿ (ಎಡಿಟ್ ಮಾಡಿದ ವಿಡಿಯೊವನ್ನು ಫೈಲ್ ಆಗಿ ಹೊರತೆಗೆಯುವ ಕೆಲಸ) ಇದರಿಂದ ಉಳಿಯುವುದು ಹೆಚ್ಚೆಂದರೆ ಆರು ನಿಮಿಷ.

ಈಗ ಚಿಪ್ ಮೇಲೆ ಕೂರುವ ಕೂಲರ್ ವಿಷಯ. ಗಾಳಿಯದಿರಲಿ, ನೀರಿನದಿರಲಿ, ಎಷ್ಟೇ ದುಬಾರಿಯದಿರಲಿ, ಕೂಲರ್ ಚಿಪ್ ಅನ್ನು ರೂಮಿನ ಗಾಳಿಗಿಂತ ತಂಪು ಮಾಡಲಾರದು. ಚಿಪ್ ರೂಮಿಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಬೇಕು ಅನ್ನುವುದಷ್ಟೇ ಅದರ ಕೈಯಲ್ಲಿ. ನಮ್ಮ ಉದಾಹರಣೆಯ ಟವರ್ ಕೂಲರ್‌ಗೆ (ಫ್ಯಾನ್ ಇರುವ, ಎತ್ತರದ ಗಾಳಿ ಕೂಲರ್) ವ್ಯಾಟ್‌ಗೆ 0.35 ಡಿಗ್ರಿ ಎಂದಿಟ್ಟುಕೊಳ್ಳಿ. 120 ವ್ಯಾಟ್‌ಗೆ ಚಿಪ್ ರೂಮಿಗಿಂತ 42 ಡಿಗ್ರಿ ಮೇಲೆ, 186 ವ್ಯಾಟ್‌ಗೆ 65 ಡಿಗ್ರಿ ಮೇಲೆ. ಡಿಸೆಂಬರ್‌ನಲ್ಲಿ ರೂಮು 24 ಇದ್ದರೆ ಓವರ್‌ಕ್ಲಾಕ್ ಮಾಡಿದ ಚಿಪ್ 89ರಲ್ಲಿ ನಿಲ್ಲುತ್ತದೆ. ನಡೆಯುತ್ತೆ, ಅಲ್ವಾ? ಮೇ ತಿಂಗಳಲ್ಲಿ ರೂಮು 38. ಅದೇ ಚಿಪ್, ಅದೇ ಕೂಲರ್, ಲೆಕ್ಕ 103ಕ್ಕೆ ಬಂತು. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ. ಎಎಂಡಿಯ ರೈಜೆನ್ 7000 ಸಾಲಿನ ಸಾಮಾನ್ಯ ಚಿಪ್‌ಗಳದು 95. ಆ ಗೆರೆ ಮುಟ್ಟಿದ ಕೂಡಲೇ ಚಿಪ್ ತಾನಾಗಿಯೇ ವೇಗ ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಏರಿಸಿದ ವೇಗ ಬೇಕಾದ ಹೊತ್ತಿಗೇ ಇರುವುದಿಲ್ಲ.

ಇದರಲ್ಲಿ ಎರಡು ಸಂಗತಿ ಇನ್ನೂ ಸೇರಿಲ್ಲ. ಕೂಲರ್ ಎಳೆದುಕೊಳ್ಳುವುದು ಕ್ಯಾಬಿನೆಟ್ ಒಳಗಿನ ಗಾಳಿಯನ್ನು, ಅದು ರೂಮಿಗಿಂತ ಬಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದರಂತೂ ಇನ್ನೂ ಬಿಸಿ. ಎರಡನೆಯದು, ಚಿಪ್ ಕಾದಷ್ಟೂ ಅದರೊಳಗೆ ಸುಮ್ನೆ ಸೋರಿಹೋಗುವ ವಿದ್ಯುತ್ತು ಹೆಚ್ಚುತ್ತದೆ. ಸೋರಿಕೆಯಿಂದ ಮತ್ತೆ ಬಿಸಿ, ಬಿಸಿಯಿಂದ ಮತ್ತೆ ಸೋರಿಕೆ.

ನಮ್ಮ ಕಡೆ ಇದಕ್ಕೊಂದು ವಿಚಿತ್ರ ಜೋಡಿ ಇದೆ. ಕಂಪ್ಯೂಟರ್ ಮೇಲೆ ಅತಿ ಹೆಚ್ಚು ಭಾರ ಹಾಕುವವರು ಯಾರು? ಮದುವೆ ವಿಡಿಯೊ ಎಡಿಟ್ ಮಾಡುವವರು. ಮದುವೆ ಸೀಜನ್ ಯಾವಾಗ? ಏಪ್ರಿಲ್, ಮೇ. ಗಾಂಧಿ ಚೌಕದ ಹತ್ತಿರದ ಸ್ಟುಡಿಯೊ ಹುಡುಗನೊಬ್ಬ ಇಂಥದ್ದೇ ದಿನಗಳಲ್ಲಿ ತನ್ನ ಕ್ಯಾಬಿನೆಟ್ ಹೊತ್ತು ತಂದಿದ್ದ. “ಅಣ್ಣಾರ, ಚಳಿಗಾಲದಾಗ ರಾತ್ರಿ ಪೂರಾ ರೆಂಡರ್ ಹಚ್ಚಿದ್ರೂ ಏನೂ ಆಗಿರ್ಲಿಲ್ಲ. ಈಗ ನೋಡ್ರೀ, 70 ಪರ್ಸೆಂಟಿಗೆ ಬಂದು ಬಂದ್ ಬೀಳ್ತೈತಿ” ಅಂದ. ಹಚ್ಚಿ ನೋಡಿದೆವು. ಚಿಪ್‌ನ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೊ ತೆರೆದಿಟ್ಟು ಎಕ್ಸ್‌ಪೋರ್ಟ್ ಶುರು ಮಾಡಿದಾಗ ವೇಗ 5.0 ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಸಿಯ ಸಾಲು 100 ಮುಟ್ಟಿ ಕೆಂಪಾಯಿತು. ವೇಗ 4.6, 4.4 ಎಂದು ಇಳಿಯತೊಡಗಿತು. ಬಯಾಸ್‌ನಲ್ಲಿ ಯಾರೋ 1.35 ವೋಲ್ಟ್ ಫಿಕ್ಸ್ ಮಾಡಿ ಬಿಟ್ಟಿದ್ದರು. ಮುಂದಿನ ಫಿಲ್ಟರ್ ಬಿಚ್ಚಿದರೆ ಎರೆಮಣ್ಣಿನ ಧೂಳು ಕಂಬಳಿಯಂತೆ ಕೂತಿತ್ತು. ಅಷ್ಟು ವೋಲ್ಟೇಜ್ ಕೊಟ್ಟೂ ಆತನಿಗೆ ಸಿಗುತ್ತಿದ್ದುದು ಓವರ್‌ಕ್ಲಾಕ್ ಇಲ್ಲದ ಮಷೀನಿನ ವೇಗವೇ.

ಮೊದಲು ಹೀಗಿರಲಿಲ್ಲ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್‌ನ ಬಸ್ ವೇಗ, ಅಂದರೆ ಆಗಿನ ಬೇಸ್ ಕ್ಲಾಕ್, 66 ಮೆಗಾಹರ್ಟ್ಸ್. ಅದನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಆರಾಮವಾಗಿ ಓಡುತ್ತಿತ್ತು. ಶೇ 50 ಪುಕ್ಕಟೆ. ಈಗ ಆ ಉಳಿಕೆಯನ್ನು ಕಂಪನಿಗಳೇ ಟರ್ಬೊ ಹೆಸರಲ್ಲಿ ಹಿಂಡಿ ಮಾರುತ್ತವೆ. ಕೋರ್ ಐ9-14900ಕೆಎಸ್ ಪೆಟ್ಟಿಗೆಯಿಂದ ತೆಗೆದ ಹಾಗೇ 6.2 ಗಿಗಾಹರ್ಟ್ಸ್ ಮುಟ್ಟುತ್ತದೆ. ಅದರ ಮೇಲೆ ನೀವು ಏನು ಏರಿಸುತ್ತೀರಿ? ದ್ರವ ಹೀಲಿಯಂ ಸುರಿದು ಇಂಥ ಚಿಪ್‌ಗಳನ್ನು 9 ಗಿಗಾಹರ್ಟ್ಸ್ ದಾಟಿಸಿದವರಿದ್ದಾರೆ ನಿಜ. ಹೀಲಿಯಂ ಕುದಿಯುವುದು ಮೈನಸ್ 269 ಡಿಗ್ರಿಯಲ್ಲಿ. ಅದು ದಾಖಲೆಗೆ ಮಾಡುವ ಕಸರತ್ತು, ಕೆಲಸದ ಮಷೀನಿನ ಮಾತಲ್ಲ.

ಥ್ರಾಟ್ಲಿಂಗ್ ಆಗಿ ನಿಂತರೆ ಚಿಪ್ ಕೆಡುವುದಿಲ್ಲ. ಅದು ರಕ್ಷಣೆ. ಭಯಪಡಬೇಕಾದದ್ದು ನಿಧಾನಕ್ಕೆ ಸವೆಯುವುದಕ್ಕೆ. 1.30 ವೋಲ್ಟ್‌ನಲ್ಲಿ 186 ವ್ಯಾಟ್ ಎಂದರೆ ಸುಮಾರು 143 ಆಂಪಿಯರ್. ಮನೆಯ ಮೇನ್ ಎಂಸಿಬಿ ಎಷ್ಟೋ ಕಡೆ 32 ಆಂಪಿಯರ್‌ದು ಇರುತ್ತದೆ. ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಕರೆಂಟು ಒಂದು ಸಣ್ಣ ಸಿಲಿಕಾನ್ ಬಿಲ್ಲೆಯೊಳಗೆ ಹರಿಯುತ್ತದೆ. ಅಲ್ಲಿನ ತಂತಿಗಳು ಕಣ್ಣಿಗೆ ಕಾಣದಷ್ಟು ತೆಳು. ಹರಿಯುವ ಎಲೆಕ್ಟ್ರಾನ್‌ಗಳು ತಂತಿಯ ಲೋಹದ ಪರಮಾಣುಗಳನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತವೆ. ಒಂದು ಕಡೆ ಪೊಳ್ಳು ಬೀಳುತ್ತದೆ, ಇನ್ನೊಂದು ಕಡೆ ಗುಡ್ಡೆ ಆಗುತ್ತದೆ. ಇದು ಎಲೆಕ್ಟ್ರೋಮೈಗ್ರೇಶನ್. ಜೇಮ್ಸ್ ಬ್ಲ್ಯಾಕ್ ಎಂಬಾತ 1969ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟ. ಕರೆಂಟಿನ ದಟ್ಟಣೆ ಏರಿದರೂ ಆಯುಷ್ಯ ಕಡಿಮೆ, ಬಿಸಿ ಏರಿದರೂ ಕಡಿಮೆ. ಇದರ ಜೊತೆಗೆ ಟ್ರಾನ್ಸಿಸ್ಟರ್‌ನ ಗೇಟ್ ಕೆಳಗಿನ ಇನ್ಸುಲೇಟರ್ ಪದರವನ್ನು ಜಾಸ್ತಿ ವೋಲ್ಟೇಜ್ ಸವೆಸುತ್ತದೆ, ಟ್ರಾನ್ಸಿಸ್ಟರ್ ಮಂದವಾಗುತ್ತದೆ.

ಸವೆದ ಚಿಪ್ ಒಂದೇ ಏಟಿಗೆ ಸಾಯುವುದು ಕಡಿಮೆ. ಕಳೆದ ವರ್ಷ 1.25 ವೋಲ್ಟ್‌ಗೆ ನಿಂತದ್ದು ಈ ವರ್ಷ 1.28 ಕೇಳುತ್ತದೆ. ನೀವು ಕೊಡುತ್ತೀರಿ. ಸವೆತ ಇನ್ನೂ ಜೋರಾಗುತ್ತದೆ. ಒಂದು ದಿನ ಮಾಮೂಲಿ ವೇಗದಲ್ಲೂ ನಿಲ್ಲುವುದಿಲ್ಲ.

ಇದು ಪುಸ್ತಕದ ಮಾತಲ್ಲ ಅನ್ನುವುದಕ್ಕೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕಥೆ ಸಾಕು. ಓವರ್‌ಕ್ಲಾಕ್ ಮುಟ್ಟದವರ ಮಷೀನುಗಳೂ ಗೇಮ್ ನಡುವೆ ಬೀಳತೊಡಗಿದವು. ಚಿಪ್ ತನಗೆ ಬೇಕಾದದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಒಳಗಿನ ಕ್ಲಾಕ್ ಸರ್ಕ್ಯೂಟ್ ಸವೆಯುತ್ತಿತ್ತು ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳ ಅಪ್‌ಡೇಟ್) ಆ ಬೇಡಿಕೆಯನ್ನು 1.55 ವೋಲ್ಟ್‌ಗೆ ಕಟ್ಟಿಹಾಕಿತು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಸವೆದ ಚಿಪ್ ಯಾವ ಅಪ್‌ಡೇಟ್‌ನಿಂದಲೂ ಮೊದಲಿನಂತಾಗಲಿಲ್ಲ. ನಿಮ್ಮ ಬಳಿ ಈ ತಲೆಮಾರಿನ ಐ7, ಐ9 ಇದ್ದರೆ ಮುಂದೆ ಓದುವ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಎಎಂಡಿಯೂ ಸಾಚಾ ಅಲ್ಲ. 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟು ಉಬ್ಬಿದವು. ಮೆಮೊರಿ ವೇಗ ಏರಿಸುವ ಎಕ್ಸ್‌ಪೊ ಆನ್ ಮಾಡಿದಾಗ ಬೋರ್ಡುಗಳು ಎಸ್‌ಒಸಿ ವೋಲ್ಟೇಜ್ (ಚಿಪ್‌ನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ್ದು) ಅನ್ನು ತಾವಾಗಿಯೇ ಏರಿಸುತ್ತಿದ್ದವು. ಆಮೇಲೆ ಅದನ್ನು 1.3 ವೋಲ್ಟ್‌ಗೆ ಮಿತಿ ಮಾಡಿದರು. ವೋಲ್ಟೇಜ್ ಸಾಲಿನಲ್ಲಿ ‘ಆಟೊ’ ಎಂದು ಇದ್ದರೆ ಕಣ್ಣು ಮುಚ್ಚಿ ನಂಬಬೇಡಿ, ಎಷ್ಟು ಕೊಡುತ್ತಿದೆ ಎಂದು ಓದಿ ನೋಡಿ.

ಮೆಮೊರಿಯ ಮಾತು ಬಂತಲ್ಲ, ಅದರ ಓವರ್‌ಕ್ಲಾಕ್ ಇನ್ನೂ ಕಳ್ಳ. ಇಂಟೆಲ್ ಕಡೆಯ ಎಕ್ಸ್‌ಎಂಪಿ, ಎಎಂಡಿ ಕಡೆಯ ಎಕ್ಸ್‌ಪೊ ಎರಡೂ ಓವರ್‌ಕ್ಲಾಕೇ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ. ಪ್ರೊಸೆಸರ್ ಎಡವಿದರೆ ಮಷೀನು ಬಿದ್ದು ಗೊತ್ತಾಗುತ್ತದೆ. ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದರೆ ಏನೂ ಕಾಣದೇ ಇರಬಹುದು. ಕ್ಯಾಮೆರಾ ಕಾರ್ಡಿನಿಂದ ಮದುವೆ ಫೂಟೇಜ್ ಕಾಪಿ ಮಾಡಿದಿರಿ. ನಡುವೆ ಎಲ್ಲೋ ಫೈಲ್ ಕೆಟ್ಟಿತು. ಕಾರ್ಡನ್ನು ಮರುದಿನದ ಮದುವೆಗೆಂದು ಫಾರ್ಮ್ಯಾಟ್ ಮಾಡಿದಿರಿ. ತಾಳಿ ಕಟ್ಟುವ ಹೊತ್ತಿನ ದೃಶ್ಯ ಚೌಕ ಚೌಕವಾಗಿ ಒಡೆದಿದೆ ಎಂದು ಗೊತ್ತಾಗುವುದು ವಾರದ ಮೇಲೆ. ಹುಡುಗಿಯ ಮನೆಯವರಿಗೆ ಮೆಗಾಹರ್ಟ್ಸ್ ಕಥೆ ಹೇಳಲಾದೀತೇ? ಎಕ್ಸ್‌ಎಂಪಿ ಆನ್ ಮಾಡಿದರೆ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ವೇಗ ಇಳಿಸಿ. ಇದರಲ್ಲಿ ರಾಜಿ ಬೇಡ.

ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಸಾಕೆಟ್ ಪಕ್ಕ ಸಾಲಾಗಿ ಕಾಣುವ ಚೌಕ ಚೋಕ್‌ಗಳು, ಮಾಸ್ಫೆಟ್‌ಗಳು ಸೇರಿ ವಿಆರ್‌ಎಂ. 12 ವೋಲ್ಟ್ ಅನ್ನು 1.2ರ ಆಸುಪಾಸಿಗೆ ಇಳಿಸಿ ಆ ನೂರಾರು ಆಂಪಿಯರ್ ಕೊಡುವುದು ಇವೇ. ಕಡಿಮೆ ಬೆಲೆಯ ಬೋರ್ಡಿನಲ್ಲಿ ಇವುಗಳ ಮೇಲೆ ಹೀಟ್‌ಸಿಂಕೇ ಇರುವುದಿಲ್ಲ. ಚಿಪ್ 80ರಲ್ಲಿ ತಣ್ಣಗಿದ್ದರೂ ವಿಆರ್‌ಎಂ ಕಾದು ವೇಗ ಬೀಳುವುದುಂಟು. ನೀರಿನ ಕೂಲರ್ ಹಾಕಿದವರಿಗೆ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಟವರ್ ಕೂಲರ್‌ನ ಗಾಳಿ ಅಲ್ಲಿಗೂ ಬೀಸುತ್ತಿತ್ತು, ಈಗ ಬೀಸುವುದಿಲ್ಲ.

ಬಯಾಸ್‌ನಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಶನ್ ಎಂದೊಂದು ಸೆಟ್ಟಿಂಗ್ ಇದೆ. ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಅದನ್ನು ಇದು ತಡೆಯುತ್ತದೆ. ಪೂರ್ತಿ ಏರಿಸಿಟ್ಟರೆ ಭಾರ ತಟ್ಟನೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮು ಸಾಫ್ಟ್‌ವೇರ್‌ನಲ್ಲಿ ಕಾಣುವುದೂ ಇಲ್ಲ, ಅಷ್ಟು ಕ್ಷಣಿಕ. ಮಧ್ಯದ ಹಂತ ಸಾಕು.

ಕರೆಂಟಿನ ಕಡೆಯೂ ಒಂದು ಕಣ್ಣಿರಲಿ. 600 ವಿಎ ಯುಪಿಎಸ್ ತಡೆಯುವುದು ಸಾಮಾನ್ಯವಾಗಿ 360 ವ್ಯಾಟ್. 186 ವ್ಯಾಟ್ ಪ್ರೊಸೆಸರ್, 170 ವ್ಯಾಟ್ ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎಲ್ಲ ಕೂಡಿಸಿದರೆ ಅದು ದಾಟಿತು. ಲೈಟ್ ಹೋದ ತಕ್ಷಣ ಯುಪಿಎಸ್ ಕೂಗಿ ಮಷೀನನ್ನೂ ಬಿಟ್ಟುಬಿಡುತ್ತದೆ. ಓವರ್‌ಕ್ಲಾಕ್‌ಗೆ ಮುಂಚೆ ತಡೆಯುತ್ತಿದ್ದದ್ದು ಆಮೇಲೆ ತಡೆಯುವುದಿಲ್ಲ, ಜನ ಯುಪಿಎಸ್‌ಗೆ ಬೈಯುತ್ತಾರೆ. ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಪವರ್ ಸಪ್ಲೈ) ಕೊಳ್ಳುವಾಗಲೂ ಅದರ ವ್ಯಾಟ್ ಯಾವ ಬಿಸಿಯಲ್ಲಿ ಬರೆದದ್ದು ಎಂದು ನೋಡಿ. ಒಳ್ಳೆಯವು 40 ಅಥವಾ 50 ಡಿಗ್ರಿಗೆ ಬರೆಯುತ್ತವೆ. ಕ್ಯಾಬಿನೆಟ್ ಕೈಗೆ ಜುಂ ಅನ್ನುತ್ತಿದ್ದರೆ ಮೊದಲು ಅರ್ಥಿಂಗ್ ಸರಿಮಾಡಿಸಿ, ಓವರ್‌ಕ್ಲಾಕ್ ಆಮೇಲೆ.

ಹಾಗಾದರೆ ಇಲ್ಲಿ ಏನು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಉಲ್ಟಾ: ವೋಲ್ಟೇಜ್ ಏರಿಸಬೇಡಿ, ಇಳಿಸಿ. ಒಂದೇ ಮಾಡೆಲ್‌ನ ಎರಡು ಚಿಪ್ ಒಂದೇ ಥರ ಇರುವುದಿಲ್ಲ. ಅತಿ ಕಳಪೆ ಚಿಪ್‌ಗೂ ಸಾಲಲಿ ಎಂದು ಕಂಪನಿ ಎಲ್ಲಕ್ಕೂ ಸ್ವಲ್ಪ ಜಾಸ್ತಿಯೇ ವೋಲ್ಟೇಜ್ ಕೊಟ್ಟಿರುತ್ತದೆ. ಅದನ್ನು ವಾಪಸ್ ತೆಗೆದುಕೊಳ್ಳುವುದು ಅಂಡರ್‌ವೋಲ್ಟ್. ಮೇಲಿನ ಉದಾಹರಣೆಯ ಚಿಪ್ 4.5 ಗಿಗಾಹರ್ಟ್ಸ್‌ಗೆ 1.10ರ ಬದಲು 1.02 ವೋಲ್ಟ್‌ನಲ್ಲಿ ನಿಂತರೆ 120 ವ್ಯಾಟ್ ಹೋಗಿ 103 ಆಗುತ್ತದೆ. ಮೇ ತಿಂಗಳ 38 ಡಿಗ್ರಿ ರೂಮಿನಲ್ಲೂ ಚಿಪ್ 74ರಲ್ಲಿ ಇರುತ್ತದೆ. ಇಂದಿನ ಚಿಪ್‌ಗಳು ಬಿಸಿ, ವ್ಯಾಟ್ ಎರಡನ್ನೂ ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. ಹಾಗಾಗಿ ತಂಪು ಮಾಡಿದರೆ ವೇಗ ತಾನಾಗಿಯೇ ಬರುತ್ತದೆ. ಇಳಿಸಿದ್ದು ಜಾಸ್ತಿಯಾದರೆ ಮಷೀನು ಬೀಳಬಹುದು, ಚಿಪ್ ಮಾತ್ರ ಕೆಡುವುದಿಲ್ಲ.

ರೈಜೆನ್ ಇದ್ದವರಿಗೆ ವೋಲ್ಟೇಜ್ ಇಳಿಸಲು ಬಯಾಸ್‌ನಲ್ಲಿ ಕರ್ವ್ ಆಪ್ಟಿಮೈಸರ್ ಇದೆ. ಎಲ್ಲ ಕೋರ್‌ಗಳಿಗೆ ಮೈನಸ್ 10ರಿಂದ ಶುರು ಮಾಡಿ, ನಿಂತರೆ 15, 20. ಒಂದೊಂದು ಹೆಜ್ಜೆ ಸುಮಾರು 3ರಿಂದ 5 ಮಿಲಿವೋಲ್ಟ್. ಇದರಲ್ಲೊಂದು ಮೋಸ ಇದೆ. ಭಾರ ಹಾಕಿದಾಗ ಚೆನ್ನಾಗಿ ನಿಂತ ಮಷೀನು ಸುಮ್ನೆ ಬಿಟ್ಟಾಗ ರಾತ್ರಿ ತಾನೇ ರೀಸ್ಟಾರ್ಟ್ ಆಗಬಹುದು. ಹಗುರ ಕೆಲಸದಲ್ಲಿ ಒಂದೇ ಕೋರ್ ಅತಿ ಎತ್ತರದ ವೇಗಕ್ಕೆ ಹೋಗುತ್ತದೆ, ಅಲ್ಲಿ ವೋಲ್ಟೇಜ್ ಸಾಲುವುದಿಲ್ಲ. ಹಾಗಾದರೆ ಎರಡು ಮೂರು ಹೆಜ್ಜೆ ಹಿಂದೆ ಬನ್ನಿ. ಬೇಸಿಗೆಗೆ, ಚಿಪ್ ತಿನ್ನುವ ವ್ಯಾಟ್‌ಗೆ ಮಿತಿ ಹಾಕುವ ಇಕೊ ಮೋಡ್ ಕೂಡ ಒಳ್ಳೆಯದೇ. ಎಎಂ4 ಸಾಕೆಟ್‌ನ 105 ವ್ಯಾಟ್ ರೈಜೆನ್ ಚಿಪ್ ನಿಜವಾಗಿ 142 ವ್ಯಾಟ್ ತನಕ ತಿನ್ನುತ್ತದೆ. 65ರ ಇಕೊ ಮೋಡ್‌ನಲ್ಲಿ ಅದು 88ಕ್ಕೆ ನಿಲ್ಲುತ್ತದೆ, ವೇಗ ಅಷ್ಟೇನೂ ಬೀಳುವುದಿಲ್ಲ. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 ಎಂಬ ವ್ಯಾಟ್ ಮಿತಿಗಳನ್ನು ನಿಮ್ಮ ಕೂಲರ್ ತಡೆಯುವಷ್ಟಕ್ಕೆ ಇಡಿ. ಕೆಲವು ಬೋರ್ಡುಗಳು ಇದನ್ನು 4096 ವ್ಯಾಟ್ ಎಂದು ಬಿಟ್ಟಿರುತ್ತವೆ, ಅಂದರೆ ಮಿತಿಯೇ ಇಲ್ಲ.

ಇಷ್ಟಾದ ಮೇಲೂ ವೇಗ ಏರಿಸಲೇಬೇಕು ಅನ್ನುವವರು ಇರುತ್ತಾರೆ. ತಪ್ಪೇನಿಲ್ಲ. ಇಂಟೆಲ್ ಆದರೆ ಹೆಸರಿನ ಕೊನೆಗೆ ಕೆ ಇರುವ ಚಿಪ್, ಝಡ್ ಸಾಲಿನ ಬೋರ್ಡ್ ಬೇಕು. ಐ5-12400, ಎಚ್610 ಬೋರ್ಡ್ ಇದ್ದರೆ ಏರಿಸಲು ಏನೂ ಇಲ್ಲ. ಒಂದೇ ಮೆಮೊರಿ ಸ್ಟಿಕ್ ಇದ್ದರೆ ಜೋಡಿಗೆ ಇನ್ನೊಂದು ಹಾಕಿ, ಅದರಿಂದಲೇ ಲಾಭ. ಮಲ್ಟಿಪ್ಲೈಯರ್ ಒಂದೊಂದೇ ಏರಿಸಿ. ಪ್ರತಿ ಸಲ ಭಾರ ಹಾಕಿ ಪರೀಕ್ಷಿಸಿ: ಮೊದಲು ಸಿನೆಬೆಂಚ್, ಆಮೇಲೆ ಪ್ರೈಮ್95 ಅಥವಾ ಒಸಿಸಿಟಿ ಪ್ರೋಗ್ರಾಂ, ಕೊನೆಗೆ ನಿಮ್ಮದೇ ಕೆಲಸ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವೀಯಾ (WHEA, ಹಾರ್ಡ್‌ವೇರ್ ತಪ್ಪಿನ ದಾಖಲೆ) ಎರರ್ ಕಂಡರೆ ಮಷೀನು ಬೀಳದಿದ್ದರೂ ಚಿಪ್ ಎಡವುತ್ತಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮಾಡಿ. ಚಳಿಗಾಲದಲ್ಲಿ ಮಾಡಲೇಬೇಕಾದರೆ ಬಂದ ಬಿಸಿಗೆ 15 ಡಿಗ್ರಿ ಕೂಡಿಸಿ ನೋಡಿ. 90 ದಾಟಿದರೆ ಅದು ನಮ್ಮೂರಿನ ಸೆಟ್ಟಿಂಗ್ ಅಲ್ಲ.

ಬೇಸಿಗೆಯ ಏರ್ ಕೂಲರ್‌ನಿಂದ ಲಾಭ ಇದೆ. ನಮ್ಮ ಒಣ ಬಿಸಿಲಲ್ಲಿ ಅದು ರೂಮನ್ನು ಎಂಟು ಹತ್ತು ಡಿಗ್ರಿ ಇಳಿಸಬಲ್ಲದು. ಅಷ್ಟೇ ಡಿಗ್ರಿ ಚಿಪ್‌ನಲ್ಲೂ ಇಳಿಯುತ್ತದೆ. ಆದರೆ ಅದರ ಬಾಯಿಗೆ ನೇರ ಎದುರಾಗಿ ಕ್ಯಾಬಿನೆಟ್ ಇಡಬೇಡಿ. ಹನಿ ಹಾರಿ ಬಂದರೆ ಬೋರ್‌ವೆಲ್ ನೀರಿನ ಉಪ್ಪು ಬೋರ್ಡಿನ ಮೇಲೆ ಬಿಳಿಯಾಗಿ ಕೂರುತ್ತದೆ. ಕಿಟಕಿ ಒಂದಿಷ್ಟು ತೆರೆದಿರಲಿ, ಇಲ್ಲದಿದ್ದರೆ ಜಿಗುಟು ಮಾತ್ರ ಉಳಿಯುತ್ತದೆ. ಗಾಳಿ ಒಳಗೆಳೆಯುವ ಫ್ಯಾನ್ ಹೊರತಳ್ಳುವುದಕ್ಕಿಂತ ಒಂದು ಜಾಸ್ತಿ ಇದ್ದರೆ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆಯಿರಿ. ಸ್ಟುಡಿಯೊ ಹುಡುಗನ ಮಷೀನಿಗೆ ಮಾಡಿದ್ದೂ ಇಷ್ಟೇ. ಧೂಳು ತೆಗೆದು, ಚಿಪ್‌ಗೂ ಕೂಲರ್‌ಗೂ ನಡುವಿನ ಪೇಸ್ಟ್ ಬದಲಿಸಿ, ವೇಗವನ್ನು ಕಂಪನಿಯ ಮಟ್ಟಕ್ಕೆ ತಂದು, ವೋಲ್ಟೇಜ್ ಇಳಿಸಿದೆವು. ಎಕ್ಸ್‌ಪೋರ್ಟ್ ಕೊನೆ ಮುಟ್ಟಿತು.

ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋಗಿ ಸೆಕೆಂಡ್ ಹ್ಯಾಂಡ್ ಕೆ ಚಿಪ್ ತರುವವರಿಗೆ ಒಂದು ತಿಳಿದಿರಲಿ. ಹಳೆಯ ಮಾಲೀಕ ಎಷ್ಟು ವೋಲ್ಟೇಜ್ ಕೊಟ್ಟಿದ್ದ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಅಂಗಡಿಯಲ್ಲೇ ಅರ್ಧ ಗಂಟೆ ಭಾರ ಹಾಕಿ ನೋಡಿ ತನ್ನಿ. ವಾರಂಟಿ ಇರುವ ಚಿಪ್ ಆದರೂ ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಕಂಪನಿ ಜವಾಬ್ದಾರಿ ಹೊರುವುದಿಲ್ಲ.

ಸೆಟ್ಟಿಂಗ್ ಬದಲಿಸಿದ ಮೇಲೆ ಸ್ಕ್ರೀನೇ ಬರದಿದ್ದರೆ ಗಾಬರಿ ಬೇಡ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಬೋರ್ಡಿನ ದುಂಡನೆಯ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ನೀವು ಮಾಡಿದ ಸೆಟ್ಟಿಂಗ್ ಎಲ್ಲವೂ ಅಳಿಸಿಹೋಗುತ್ತದೆ, ಆದ್ದರಿಂದ ಒಂದೊಂದು ಪುಟವನ್ನೂ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.